ಹತ್ತನೇ ವರ್ಷ ಅದನ್ನು ನೋಡಿಕೊಳ್ಳುವವರು ಯಾರು?

(ಸಣ್ಣ ಊರುಗಳಿಗೆ ಸಾರ್ವಜನಿಕ ಕಲೆಯನ್ನು ತರುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಊರು ಚಿಕ್ಕದಾದಷ್ಟೂ ಅಲ್ಲಿ ನಿಲ್ಲಿಸಿದ ಕಲಾಕೃತಿ ದೊಡ್ಡದಾಗುತ್ತದೆ. ನಗರದಲ್ಲಿ ಒಂದು ಶಿಲ್ಪ ಇಷ್ಟವಾಗಲಿಲ್ಲ ಅಂದರೆ ಪಕ್ಕದ ರಸ್ತೆ ಹಿಡಿದು ಹೋಗಬಹುದು. ಸಣ್ಣ ಊರಿನಲ್ಲಿ ಆ ಪಕ್ಕದ ರಸ್ತೆಯೇ ಇರುವುದಿಲ್ಲ. ಇರುವುದು ಒಂದು ಸರ್ಕಲ್, ಒಂದು ಮೈದಾನ, ಎಲ್ಲರೂ ಓಡಾಡುವ ಒಂದು ಬೀದಿ. ಅಲ್ಲಿ ಏನನ್ನೇ ಇಟ್ಟರೂ ಊರಿನವರೆಲ್ಲ ದಿನಕ್ಕೆ ನಾಲ್ಕು ಸಲ ನೋಡಲೇಬೇಕು. ಇಷ್ಟಪಟ್ಟವರೂ ನೋಡಬೇಕು, ಇಷ್ಟಪಡದವರೂ ನೋಡಬೇಕು. ಮಕ್ಕಳು ಅದನ್ನು ನೋಡುತ್ತಲೇ ಬೆಳೆದು ದೊಡ್ಡವರಾಗುತ್ತಾರೆ.

ಹಾಗಾಗಿ ಸಣ್ಣ ಊರಿನ ಕೆಲಸವನ್ನು ನಗರದ ಕೆಲಸದ ಪುಟ್ಟ ನಕಲು ಅಂತ ತಿಳಿಯಬಾರದು. ಇದರ ಲೆಕ್ಕವೇ ಬೇರೆ. ಇವತ್ತು ನಾನು ಹಲವು ಕೃತಿಗಳ ಹೆಸರು ಹೇಳುತ್ತೇನೆ. ಆದರೆ ಹೇಳಲು ಬಂದಿರುವುದು ಒಂದೇ ಮಾತು. ಯಾವ ಕೃತಿ, ಯಾವ ಕಲಾವಿದರು, ಎಷ್ಟು ಎತ್ತರ ಅನ್ನುವುದೆಲ್ಲ ಆಮೇಲೆ. ಹತ್ತನೇ ವರ್ಷದಲ್ಲಿ "ಇದು ನಮ್ಮದು" ಅಂತ ಅದರ ಧೂಳು ಒರೆಸುವವರು ಯಾರು ಅನ್ನುವುದನ್ನು ಮೊದಲು ಹುಡುಕಿ.

ಜಪಾನಿನ ಒಳಸಮುದ್ರದಲ್ಲಿ ನವೋಶಿಮಾ ಎಂಬ ದ್ವೀಪವಿದೆ. ಅಲ್ಲಿರುವ ಜನ ಸುಮಾರು 3,000. ಹೊನ್ಮುರಾ ಅನ್ನುವುದು ಆ ದ್ವೀಪದ ಹಳೆಯ ವಸತಿ. ಅಲ್ಲಿ ಖಾಲಿ ಬಿದ್ದ ಮನೆಗಳನ್ನೇ ಕಲಾಕೃತಿಗಳಾಗಿ ಮಾಡುವ ಕೆಲಸ 1998ರಲ್ಲಿ ಶುರುವಾಯಿತು. ಮೊದಲು ಕೈಗೆತ್ತಿಕೊಂಡದ್ದು ಕದೊಯಾ ಎಂಬ, ಸುಮಾರು 200 ವರ್ಷ ಹಳೆಯದಾದ ಮನೆಯನ್ನು. ಕಲಾವಿದ ತತ್ಸುವೊ ಮಿಯಾಜಿಮಾ ಆ ಮನೆಯ ಒಳಗೆ ಒಂದು ತೆಳು ನೀರಿನ ಕೊಳ ಮಾಡಿದರು. ಕೋಣೆ ಪೂರ್ತಿ ಕತ್ತಲು. ನೀರಿನಲ್ಲಿ 125 ಎಲ್‌ಇಡಿ ಅಂಕಿಗಳು ಮಿನುಗುತ್ತಿರುತ್ತವೆ. ಒಂದೊಂದೂ 1ರಿಂದ 9ರವರೆಗೆ ಎಣಿಸುತ್ತಾ ಹೋಗುತ್ತದೆ. ಒಂದು ಗಡಿಬಿಡಿಯಲ್ಲಿ ಓಡುತ್ತದೆ. ಅದರ ಪಕ್ಕದ್ದು ನಿಂತೇ ಹೋಯಿತೇನೋ ಅನ್ನುವಷ್ಟು ನಿಧಾನ.

ಆ ವೇಗಗಳನ್ನು ನಿರ್ಧರಿಸಿದ್ದು ಕಲಾವಿದರಲ್ಲ, ಊರಿನ 125 ಜನ. ಅವರಲ್ಲಿ ಅತಿ ಚಿಕ್ಕವರ ವಯಸ್ಸು 5, ಅತಿ ಹಿರಿಯರ ವಯಸ್ಸು 95. ಪ್ರತಿಯೊಬ್ಬರೂ ಒಂದೊಂದು ಅಂಕಿಗೆ ತಮಗೆ ಸರಿ ಅನ್ನಿಸಿದ ವೇಗ ಕೊಟ್ಟರು. ಅಷ್ಟೇ ಅವರು ಮಾಡಿದ್ದು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಯಾರೂ ಅವರನ್ನು ಚಿತ್ರ ಬರೆಯಿರಿ ಅಂತ ಒತ್ತಾಯ ಮಾಡಲಿಲ್ಲ. ಸಮಕಾಲೀನ ಕಲೆ ಅಂದರೇನು ಅಂತ ಪಾಠವನ್ನೂ ಹೇಳಲಿಲ್ಲ. ಒಂದು ಸಣ್ಣ ನಿರ್ಧಾರವನ್ನು ಅವರ ಕೈಗೆ ಕೊಟ್ಟರು. ಆದರೆ ಅದು ನಿಜವಾದ ನಿರ್ಧಾರ. ಅದು ಇಲ್ಲದಿದ್ದರೆ ಕೃತಿಯೇ ಇಲ್ಲ. ಆ ಕತ್ತಲ ಕೋಣೆಯಲ್ಲಿ ಓಡುವ ಒಂದು ಅಂಕಿಯ ವೇಗ ತಾನು ಕೊಟ್ಟದ್ದು ಅಂತ ಗೊತ್ತಿರುವ ಮನುಷ್ಯ, ಅದನ್ನು ಹೊರಗಿನವರು ತಂದಿಟ್ಟ ವಸ್ತು ಅಂತ ಯಾಕೆ ಅಂದುಕೊಳ್ಳುತ್ತಾನೆ?

ನಮ್ಮಲ್ಲಿ ಎಷ್ಟೋ ಕಡೆ ಜನರ ಪಾಲ್ಗೊಳ್ಳುವಿಕೆ ಅಂದರೆ ಮೂರು ಚಿತ್ರ ತೋರಿಸಿ "ಯಾವುದು ಇಷ್ಟ?" ಅಂತ ಕೈ ಎತ್ತಿಸುವುದು. ಅದರಿಂದ ಸೋತವರ ಒಂದು ಗುಂಪು ಹುಟ್ಟುತ್ತದೆ, ಅಷ್ಟೇ. ಊರು ಚಿಕ್ಕದಾದರೆ ಆ ಗುಂಪು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಮತ ಹಾಕಿಸುವ ಬದಲು ಕೃತಿಯೊಳಗೇ ಜನರಿಗೆ ಒಂದು ಪಾಲು ಕೊಡುವುದು ನನ್ನ ಪ್ರಕಾರ ಸಾವಿರ ಪಾಲು ಮೇಲು.

ಜಪಾನಿನದೇ ಇನ್ನೊಂದು ಉದಾಹರಣೆ ಎಚಿಗೊ-ತ್ಸುಮಾರಿ. ನಿಗಾಟಾ ಪ್ರಾಂತ್ಯದ ಬೆಟ್ಟಗಾಡು, ಸುಮಾರು 760 ಚದರ ಕಿಲೋಮೀಟರ್ ಪ್ರದೇಶ. ಚಳಿಗಾಲದಲ್ಲಿ ವಿಪರೀತ ಹಿಮ. ಯುವಕರೆಲ್ಲ ನಗರ ಸೇರಿ, ಹಳ್ಳಿಗಳಲ್ಲಿ ವಯಸ್ಸಾದವರೇ ಜಾಸ್ತಿ ಉಳಿದಿದ್ದರು. ಫ್ರಾಮ್ ಕಿತಾಗಾವಾ ಅವರ ನಿರ್ದೇಶನದಲ್ಲಿ 2000ದಲ್ಲಿ ಅಲ್ಲಿ ಮೊದಲ ಕಲಾ ಉತ್ಸವ ನಡೆಯಿತು. ಮೂರು ವರ್ಷಕ್ಕೊಮ್ಮೆ ನಡೆಯುವ ಉತ್ಸವ ಅದು. ಕೃತಿಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕದೆ ಹಳ್ಳಿಗಳಲ್ಲಿ ಹರಡಿದರು. ನೋಡಲು ಬಂದವರು ಹೊಲಗದ್ದೆ ದಾಟಿ, ಹಳ್ಳಿಯ ದಾರಿಯಲ್ಲೇ ಸುತ್ತಬೇಕು.

ಅಲ್ಲಿ ಇಲ್ಯಾ ಮತ್ತು ಎಮಿಲಿಯಾ ಕಬಕೋವ್ ದಂಪತಿ ಮೆಟ್ಟಿಲು ಗದ್ದೆಗಳಲ್ಲಿ ಒಂದು ಕೃತಿ ಮಾಡಿದರು. ಬೇಸಾಯದ ಕೆಲಸದಲ್ಲಿ ತೊಡಗಿದ ರೈತರ ಬಣ್ಣದ ಆಕೃತಿಗಳು ಗದ್ದೆಯಲ್ಲಿ ನಿಂತಿವೆ. ಎದುರಿನ ಕಟ್ಟಡದಲ್ಲಿ ನಿಂತು ನೋಡಿದರೆ, ತೂಗುಹಾಕಿದ ಬರಹದ ಸಾಲುಗಳ ಮೂಲಕ ಆ ಆಕೃತಿಗಳು ಕಾಣುತ್ತವೆ. ಮಾತೂ ಗದ್ದೆಯೂ ಒಂದೇ ಚೌಕಟ್ಟಿನಲ್ಲಿ ಕೂಡುತ್ತವೆ. ಗದ್ದೆಯ ಮಾಲೀಕರು ಮೊದಲು ಇದಕ್ಕೆ ಒಪ್ಪಿರಲಿಲ್ಲ. ಒಪ್ಪದಿರುವುದು ಸಹಜವೇ. ಗದ್ದೆ ಅಂದರೆ ತಲೆಮಾರುಗಳ ದುಡಿಮೆ. ಅದರೊಳಗೆ ಯಾರೋ ಬಂದು ಆಕೃತಿ ನೆಡುತ್ತೇನೆ ಅಂದರೆ ಯಾರು ಸುಮ್ನೆ ಹೂಂ ಅನ್ನುತ್ತಾರೆ? ಕಲಾವಿದರು ಏನು ಮಾಡಹೊರಟಿದ್ದಾರೆ, ಆ ಶ್ರಮವನ್ನು ಹೇಗೆ ನೋಡುತ್ತಿದ್ದಾರೆ ಅನ್ನುವುದು ಅರ್ಥವಾದ ಮೇಲೆ ಒಪ್ಪಿಗೆ ಸಿಕ್ಕಿತು.

ಇದರಿಂದ ನಾನು ಕಲಿತದ್ದು ಒಂದು. ಮೊದಲ ಸಲದ "ಬೇಡ" ಅನ್ನುವುದನ್ನು ಅಡ್ಡಿ ಅಂತ ನೋಡಬೇಡಿ. ಹಾಗೆ ಹೇಳಿದವರಿಗೆ ಆ ಜಾಗ ಮುಖ್ಯ ಅಂತ ಅರ್ಥ. ನಾಳೆ ಕೃತಿಯನ್ನು ಕಾಯುವವರೂ ಅವರೇ ಆಗಬಹುದು. ನಿಜವಾಗಿ ಹೆದರಬೇಕಾದ್ದು "ಏನಾದ್ರೂ ಮಾಡ್ಕೊಳ್ಳಿ" ಅನ್ನುವವರಿಗೆ.

ಮೂರನೆಯದು ಅಮೆರಿಕದ ಅಲಬಾಮಾ ರಾಜ್ಯದ ಯಾರ್ಕ್ ಎಂಬ ಪುಟ್ಟ ಪಟ್ಟಣ. ಅಲ್ಲಿ ಪಾಳುಬಿದ್ದ ಒಂದು ಗುಲಾಬಿ ಬಣ್ಣದ ಮನೆ ಇತ್ತು. ಕಲಾವಿದ ಮ್ಯಾಥ್ಯೂ ಮಜೋಟಾ ಊರಿಗೆ ಬಂದು, ಮನೆಮನೆಯಿಂದ ಪೀಠೋಪಕರಣ ಕೇಳಿ ತಂದು, ಬೀದಿಯಲ್ಲೇ ಒಂದು ಹಜಾರದಂತೆ ಜೋಡಿಸಿ ಜನರನ್ನು ಮಾತಿಗೆ ಕೂರಿಸಿದರು. ಎಲ್ಲರೂ ಕೂಡುವುದಕ್ಕೆ ಊರಿನಲ್ಲಿ ಒಂದು ಜಾಗವೇ ಇಲ್ಲ ಅನ್ನುವುದು ಆ ಮಾತುಗಳಲ್ಲಿ ಹೊರಬಂತು. 2013ರಲ್ಲಿ ಆ ಪಾಳು ಮನೆಯ ಜಾಗದಲ್ಲಿ, ಅದರದೇ ಸಾಮಾನು ಬಳಸಿ ಒಂದು ಹೊಸ ಪುಟ್ಟ ಮನೆ ಎದ್ದಿತು. ಸುಮ್ಮನೆ ನೋಡಿದರೆ ಮನೆ. ಗೋಡೆ, ಚಾವಣಿಗಳನ್ನು ಬಿಚ್ಚಿ ಹರಡಿದರೆ ನೂರು ಜನ ಕೂರುವ ಬಯಲು ರಂಗಮಂದಿರ. ಕಾರ್ಯಕ್ರಮ ಮುಗಿದ ಮೇಲೆ ಮಡಚಿದರೆ ಮತ್ತೆ ಮನೆ.

ಗಮನಿಸಿ, ಇಲ್ಲಿ ಕೃತಿಯ ಕಲ್ಪನೆ ಮೊದಲು ಬರಲಿಲ್ಲ. ಕೊರತೆಯೊಂದು ಮೊದಲು ಕಾಣಿಸಿತು. ಆ ಮನೆಯನ್ನು ಬಿಚ್ಚುವುದಕ್ಕೆ ನಾಲ್ಕು ಕೈ ಬೇಕು. ಅಂದರೆ ಕೃತಿ ಬಳಕೆಯಲ್ಲಿರಬೇಕಾದರೆ ಊರಿನವರು ಆಗಾಗ ಸೇರಲೇಬೇಕು. ನೋಡಿಕೊಳ್ಳುವ ಕೆಲಸವನ್ನು ಕೃತಿಯೊಳಗೇ ಹೆಣೆದುಬಿಟ್ಟಿದ್ದಾರೆ. ನನಗೆ ಬಹಳ ಮೆಚ್ಚುಗೆಯಾದ ಅಂಶ ಇದು.

ಇನ್ನು ಕೆಟ್ಟು ಹೋದ ಒಂದು ಪ್ರಸಂಗ. ಇದು ಸಣ್ಣ ಊರಿನದಲ್ಲ, ನ್ಯೂಯಾರ್ಕ್‌ನದು. ಆದರೂ ಹೇಳಲೇಬೇಕು. 1981ರಲ್ಲಿ ರಿಚರ್ಡ್ ಸೆರಾ ಅವರ 'ಟಿಲ್ಟೆಡ್ ಆರ್ಕ್' ಎಂಬ ಉಕ್ಕಿನ ಶಿಲ್ಪವನ್ನು ಒಂದು ಸರ್ಕಾರಿ ಕಚೇರಿಯ ಮುಂದಿನ ಅಂಗಳದಲ್ಲಿ ನಿಲ್ಲಿಸಿದರು. ಉದ್ದ 120 ಅಡಿ, ಎತ್ತರ 12 ಅಡಿ. ಅಂಗಳವನ್ನು ಅದು ಗೋಡೆಯಂತೆ ಸೀಳಿತ್ತು. ಅಲ್ಲಿ ದಿನವೂ ಕೆಲಸಕ್ಕೆ ಬರುವವರು ಸುತ್ತು ಹಾಕಿಕೊಂಡು ಹೋಗಬೇಕಾಯಿತು. ದೂರುಗಳು ಬಂದವು. 1985ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಶಿಲ್ಪ ಉಳಿಯಲಿ ಅಂದವರು 122 ಜನ, ತೆಗೆಯಿರಿ ಅಂದವರು 58. ಆದರೂ ತೆಗೆಯುವ ತೀರ್ಮಾನವಾಯಿತು. 1989ರ ಮಾರ್ಚ್‌ನಲ್ಲಿ ರಾತ್ರೋರಾತ್ರಿ ಅದನ್ನು ಕತ್ತರಿಸಿ ಸಾಗಿಸಿದರು. ಆ ಜಾಗಕ್ಕೆಂದೇ ಮಾಡಿದ ಕೃತಿ ಅದು, ಬೇರೆ ಕಡೆ ಇಟ್ಟರೆ ಅದು ಆ ಕೃತಿಯೇ ಅಲ್ಲ ಅಂತ ಸೆರಾ ವಾದಿಸಿದ್ದರು.

ಕಲೆ ಗೆಲ್ಲಬೇಕಿತ್ತೋ ಜನ ಗೆಲ್ಲಬೇಕಿತ್ತೋ ಅಂತ ಇವತ್ತಿಗೂ ಚರ್ಚೆ ಇದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ಜನ ದಿನವೂ ತುಳಿಯುವ ದಾರಿಯ ಮೇಲೆ ಕೈ ಇಡುವ ಮೊದಲು, ಆ ದಾರಿಯಲ್ಲಿ ಅವರ ಜೊತೆ ನಡೆದು ನೋಡಬೇಕು. ಜಾಗ ನೋಡಲು ಬರುವ ಕಲಾವಿದರನ್ನು ನಾವು ಸಾಮಾನ್ಯವಾಗಿ ಹಗಲು ಹೊತ್ತಿನಲ್ಲಿ, ಬಿಸಿಲಿದ್ದಾಗ, ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇವೆ. ಮಧ್ಯಾಹ್ನ ಖಾಲಿ ಕಾಣುವ ಅದೇ ಜಾಗದಲ್ಲಿ ಸಂಜೆ ಮಕ್ಕಳು ಆಡುತ್ತಿರಬಹುದು. ಮಳೆ ಬಂದಾಗ ನೀರು ನಿಲ್ಲುವುದು ಅಲ್ಲೇ ಇರಬಹುದು. ದೊಡ್ಡ ಗಾಡಿಗಳು ರಿವರ್ಸ್ ತೆಗೆದುಕೊಳ್ಳುವುದೂ ಅಲ್ಲೇ ಇರಬಹುದು. ಬೆಳಗ್ಗೆ, ಸಂಜೆ, ರಾತ್ರಿ ಮೂರೂ ಹೊತ್ತು ಹೋಗಿ ನಿಲ್ಲಿ.

ಇದಕ್ಕೆ ಒಂದು ಸುಲಭ ಉಪಾಯವೂ ಇದೆ. ನಿಜವಾದ ಕೃತಿ ಮಾಡುವ ಮೊದಲು ಅದೇ ಅಳತೆಯ ಒಂದು ಡಮ್ಮಿ ನಿಲ್ಲಿಸಿ. ಬಿದಿರು, ಬಟ್ಟೆ, ಪ್ಲೈವುಡ್ ಯಾವುದಾದರೂ ಆದೀತು. ಒಂದು ವಾರ ಇರಲಿ. ಕಂಪ್ಯೂಟರ್‌ನಲ್ಲಿ ಮಾಡಿದ ಚಿತ್ರ ನೋಡಿ ಯಾರಿಗೂ ಎತ್ತರ ಗೊತ್ತಾಗುವುದಿಲ್ಲ. ಡಮ್ಮಿ ಎದುರು ನಿಂತಾಗ ಅಂಗಡಿಯ ಬೋರ್ಡ್ ಮರೆಯಾಗುತ್ತದೆ, ತಿರುವಿನಲ್ಲಿ ಬರುವ ಗಾಡಿ ಕಾಣುವುದಿಲ್ಲ, ನೆರಳು ಯಾರದೋ ಕಿಟಕಿಯ ಮೇಲೆ ಬೀಳುತ್ತದೆ. ಇದೆಲ್ಲ ಆಗಲೇ ಗೊತ್ತಾದರೆ ಎರಡು ಮೀಟರ್ ಆಚೆ ಸರಿಸುವುದಕ್ಕೆ ಖರ್ಚೇ ಇಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಸರಿಸುವುದು ಅಂದರೆ ದೊಡ್ಡ ರಂಪ.

ತಾತ್ಕಾಲಿಕವಾಗಿ ಶುರು ಮಾಡುವುದರ ಪರವಾಗಿ ಒಂದು ಒಳ್ಳೆಯ ಕಥೆ ಇದೆ. ಇಂಗ್ಲೆಂಡಿನ ಕ್ರಾಸ್ಬಿ ಕಡಲತೀರದಲ್ಲಿ 2005ರಲ್ಲಿ ಆಂಟನಿ ಗೋರ್ಮ್ಲಿ ಅವರ ನೂರು ಎರಕದ ಕಬ್ಬಿಣದ ಮನುಷ್ಯರು ಬಂದು ನಿಂತರು. ಎಲ್ಲರ ಮುಖವೂ ಸಮುದ್ರದ ಕಡೆಗೆ. ಉಬ್ಬರ ಬಂದಾಗ ಕೆಲವರು ಪೂರ್ತಿ ಮುಳುಗುತ್ತಾರೆ, ಇಳಿತದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾರೆ. ಸ್ವಲ್ಪ ಕಾಲ ಇದ್ದು ಬೇರೆ ಕಡೆ ಹೋಗಬೇಕಿದ್ದ ಕೃತಿ ಅದು. ಆಕ್ಷೇಪಗಳೂ ಬಂದವು. ದೋಣಿಯವರಿಗೆ, ಮೀನು ಹಿಡಿಯುವವರಿಗೆ ಸುರಕ್ಷತೆಯ ಚಿಂತೆ ಇತ್ತು. ಅಷ್ಟರಲ್ಲಿ ಜನ ಅದಕ್ಕೆ ಹೊಂದಿಕೊಂಡಿದ್ದರು, ಹಚ್ಚಿಕೊಂಡೂ ಇದ್ದರು. ಚರ್ಚೆ ನಡೆದು, ಕೆಲವು ಆಕೃತಿಗಳ ಜಾಗ ಬದಲಿಸಿ, 2007ರಲ್ಲಿ ಅಲ್ಲೇ ಉಳಿಸಿಕೊಳ್ಳುವ ನಿರ್ಧಾರವಾಯಿತು. ಶಾಶ್ವತ ಅಂತ ಹೇಳಿ ತಂದಿದ್ದರೆ ಜಗಳ ಮೊದಲ ದಿನವೇ ಶುರುವಾಗಿ ಅಲ್ಲೇ ನಿಲ್ಲುತ್ತಿತ್ತೇನೋ. ನೋಡಿ, ಇದ್ದು, ಒಗ್ಗಿಕೊಳ್ಳುವುದಕ್ಕೆ ಜನರಿಗೆ ಸಮಯ ಬೇಕು ಅಲ್ವಾ?

ಗೋರ್ಮ್ಲಿಯವರದೇ 'ಏಂಜಲ್ ಆಫ್ ದಿ ನಾರ್ತ್' ಎಂಬ ರೆಕ್ಕೆ ಚಾಚಿದ ಉಕ್ಕಿನ ಮನುಷ್ಯಾಕೃತಿ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 1998ರಲ್ಲಿ ನಿಂತಿತು. ಎತ್ತರ 20 ಮೀಟರ್, ರೆಕ್ಕೆಯ ಅಗಲ 54 ಮೀಟರ್. ಅದು ನಿಂತಿರುವುದು ಹಳೆಯ ಕಲ್ಲಿದ್ದಲು ಗಣಿಯ ಜಾಗದಲ್ಲಿ. ಕಟ್ಟುವ ಮೊದಲು ವಿರೋಧ ಜೋರಾಗಿತ್ತು. ನಿಂತ ಕೆಲವೇ ತಿಂಗಳಲ್ಲಿ ಫುಟ್‌ಬಾಲ್ ಅಭಿಮಾನಿಗಳು ತಮ್ಮ ಆಟಗಾರ ಅಲನ್ ಶಿಯರರ್ ಹೆಸರಿನ ಭಾರಿ ಅಂಗಿಯೊಂದನ್ನು ಅದಕ್ಕೆ ತೊಡಿಸಿಬಿಟ್ಟರು. ನನಗೆ ಅದು ಕೃತಿಗೆ ಮಾಡಿದ ಅವಮಾನ ಅಂತ ಒಂದು ಕ್ಷಣವೂ ಅನ್ನಿಸುವುದಿಲ್ಲ. ಜನ ಅದನ್ನು ಮನೆಯವನಂತೆ ಕಂಡರು.

ಈಗ ನಾನು ಜಾಸ್ತಿ ಹೊತ್ತು ನಿಲ್ಲಬೇಕಾದ ವಿಷಯಕ್ಕೆ ಬರುತ್ತೇನೆ. ಸಾಮಾನು ಮತ್ತು ನಿರ್ವಹಣೆ. ಉದ್ಘಾಟನೆಯ ದಿನ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಆದರೆ ಕೃತಿ ಸಾಯುವುದು ಇಲ್ಲೇ.

ಒಂದು ಉಕ್ಕಿನ ಶಿಲ್ಪ ಇದೆ ಅಂದುಕೊಳ್ಳಿ. ಎಲ್ಲರೂ ಅದರ ತಲೆ ನೋಡುತ್ತಾರೆ. ನೀವು ಬಗ್ಗಿ ಪಾದ ನೋಡಿ. ಉಕ್ಕು ಕಾಂಕ್ರೀಟನ್ನು ಮುಟ್ಟುವ ಗೆರೆ ಇದೆಯಲ್ಲ, ತುಕ್ಕು ಶುರುವಾಗುವುದು ಅಲ್ಲಿಂದ. ಪೀಠದ ಮೇಲ್ಭಾಗ ಸಪಾಟಾಗಿದ್ದರೆ ಮಳೆ ನೀರು ಅಲ್ಲೇ ನಿಲ್ಲುತ್ತದೆ. ಎಲೆ, ಮಣ್ಣು ಸೇರಿಕೊಳ್ಳುತ್ತದೆ. ತೇವ ಆರುವುದೇ ಇಲ್ಲ. ಒಂದು ಕಂದು ಉಂಗುರ ಮೂಡುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದರೆ ಒಳಗೆ ಪದರಪದರವಾಗಿ ತುಕ್ಕು. ಇದನ್ನು ತಡೆಯಲು ಪೀಠಕ್ಕೆ ಹೊರಮುಖವಾಗಿ ಸ್ವಲ್ಪ ಇಳಿಜಾರು ಕೊಟ್ಟರೆ ಸಾಕು. ಟೊಳ್ಳು ಪೈಪುಗಳಿದ್ದರೆ ಅತಿ ಕೆಳಗಿನ ಜಾಗದಲ್ಲಿ ನೀರು ಹೊರಹೋಗಲು ತೂತು ಬೇಕು. ಮೈಲ್ಡ್ ಸ್ಟೀಲ್ ಜೊತೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ನಡುವೆ ಪ್ಲಾಸ್ಟಿಕ್ ಅಥವಾ ನೈಲಾನ್ ವಾಷರ್ ಇರಲಿ. ಎರಡು ಬೇರೆ ಲೋಹಗಳು ತೇವದಲ್ಲಿ ಒಂದನ್ನೊಂದು ಮುಟ್ಟಿದರೆ, ಅವುಗಳಲ್ಲಿ ಒಂದು ಬೇಗ ಸವೆಯುತ್ತದೆ. ತಾನೇ ತುಕ್ಕಿನ ಪದರ ಕಟ್ಟಿಕೊಂಡು ಬಾಳುವ ಕೋರ್ಟೆನ್ ಉಕ್ಕು ಚೆನ್ನಾಗಿಯೇ ಕಾಣುತ್ತದೆ. ಆದರೆ ಅದಕ್ಕೆ ನೆನೆದು ಒಣಗುವ ಅವಕಾಶ ಬೇಕು. ಉಪ್ಪುಗಾಳಿಯ ಕಡಲಂಚಿನಲ್ಲಿ ಆ ಪದರ ಗಟ್ಟಿಯಾಗುವುದಿಲ್ಲ. ಮೊದಲ ವರ್ಷಗಳಲ್ಲಿ ಅದರಿಂದ ಇಳಿಯುವ ಕಂದು ನೀರು ಕೆಳಗಿನ ಕಲ್ಲು ಹಾಸಿಗೂ ಕಲೆ ಮಾಡುತ್ತದೆ.

ಗೋಡೆ ಚಿತ್ರಗಳದ್ದು ಇನ್ನೊಂದು ಪಾಡು. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅನ್ನುವುದಕ್ಕಿಂತ ಮೊದಲು ಗೋಡೆಗೆ ತೇವ ಇದೆಯಾ ಅಂತ ನೋಡಿ. ಬುಡದಲ್ಲಿ ಬಿಳಿ ಪುಡಿ ಕಾಣಿಸಿದರೆ ಗೋಡೆ ಉಪ್ಪು ಬಿಡುತ್ತಿದೆ ಅಂತ ಅರ್ಥ. ಅದರ ಮೇಲೆ ಎಷ್ಟು ಒಳ್ಳೆ ಪೇಂಟ್ ಹಾಕಿದರೂ ಚಕ್ಕೆ ಏಳುತ್ತದೆ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ, ಗೋಡೆ ಒಣಗಿಸಿ, ಆಮೇಲೆ ಪ್ರೈಮರ್. ಹೊಳೆಯುವ ಕೆಲವು ಕೆಂಪು, ಹಳದಿ ಬಣ್ಣಗಳು ಬಿಸಿಲಿಗೆ ಬೇಗ ಮಂಕಾಗುತ್ತವೆ. ಕಾವಿಯಂಥ, ಕಬ್ಬಿಣದ ಅಂಶವಿರುವ ಮಣ್ಣಿನ ಬಣ್ಣಗಳು ಬಹಳ ಕಾಲ ತಡೆಯುತ್ತವೆ. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ ಆರಿಸುವಾಗ ಇದು ನೆನಪಿರಲಿ.

ನಿರ್ವಹಣೆ ಅಂದರೆ ಹವಾಮಾನಕ್ಕೆ ಸಿದ್ಧವಾಗಿರುವುದು ಕೂಡ. ನವೋಶಿಮಾದ ಕಡಲ ದಂಡೆಯ ತುದಿಯಲ್ಲಿ ಕಲಾವಿದೆ ಯಾಯೋಯಿ ಕುಸಾಮಾ ಅವರ ಹಳದಿ ಕುಂಬಳಕಾಯಿ ಶಿಲ್ಪ ಇದೆ. 1994ರಿಂದ ಅದು ಆ ದ್ವೀಪದ ಗುರುತು. 2021ರ ಆಗಸ್ಟ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ಸಮುದ್ರಕ್ಕೆ ಬಿದ್ದು ಒಡೆಯಿತು. 2022ರ ಅಕ್ಟೋಬರ್‌ನಲ್ಲಿ ಹೊಸದು ಬಂತು. ಈ ಸಲ ಅದರ ಮೈ ಇನ್ನೂ ದಪ್ಪ, ಬಿರುಗಾಳಿಯ ಮುನ್ಸೂಚನೆ ಬಂದಾಗ ಎತ್ತಿ ಒಯ್ಯಲು ಕೊಕ್ಕೆಯೂ ಇನ್ನೂ ಗಟ್ಟಿ. ಎತ್ತುವುದು ಹೇಗೆ, ಯಾರು, ಯಾವಾಗ ಅನ್ನುವುದೂ ವಿನ್ಯಾಸದ ಭಾಗವೇ.

ಆದ್ದರಿಂದ ಕೃತಿ ಒಪ್ಪಿಸಿಕೊಳ್ಳುವ ದಿನ ಕಲಾವಿದರಿಂದ ಒಂದು ಕಡತ ಕೇಳಿ ಪಡೆಯಿರಿ. ಯಾವ ಕಂಪನಿಯ ಪೇಂಟ್, ಯಾವ ಶೇಡ್ ನಂಬರ್, ಒಳಗಿನ ಚೌಕಟ್ಟಿನ ನಕ್ಷೆ, ಬೋಲ್ಟ್ ಅಳತೆ, ಏನು ಹಾಕಿ ತೊಳೆಯಬೇಕು, ಏನು ಹಾಕಲೇಬಾರದು. ಒಂದು ಪ್ರತಿ ಕಚೇರಿಯಲ್ಲಿ, ಒಂದು ಪ್ರತಿ ಊರಿನ ವೆಲ್ಡರ್ ಬಳಿ. ಹತ್ತು ವರ್ಷದ ಮೇಲೆ ಅಧಿಕಾರಿ ಇರುವುದಿಲ್ಲ, ವೆಲ್ಡರ್ ಇರುತ್ತಾರೆ. ಸಾಧ್ಯವಾದರೆ ತಯಾರಿಯ ಕೆಲಸದಲ್ಲೇ ಅವರನ್ನು ಸೇರಿಸಿಕೊಳ್ಳಿ. ತಾನೇ ಬೆಸೆದ ಕೀಲು ಸಡಿಲವಾದರೆ ಅವರು ಕರೆಯುವ ಮೊದಲೇ ಬರುತ್ತಾರೆ.

ದುಡ್ಡಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಸಾರ್ವಜನಿಕ ಕಟ್ಟಡದ ವೆಚ್ಚದಲ್ಲಿ ಶೇಕಡಾ ಒಂದರಷ್ಟನ್ನು ಕಲೆಗೆ ಇಡುವ ನಿಯಮ ಫ್ರಾನ್ಸ್‌ನಲ್ಲಿ 1951ರಿಂದ ಇದೆ. ಫಿಲಡೆಲ್ಫಿಯಾ ನಗರ 1959ರಲ್ಲಿ ಇಂಥದ್ದೇ ಕಾನೂನು ಮಾಡಿತು. ಇಂಥ ನಿಯಮ ಇಲ್ಲದ ಕಡೆಯೂ ಆ ಲೆಕ್ಕವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಒಂದೇ ಷರತ್ತು, ನಿರ್ವಹಣೆಯ ಹಣವನ್ನು ಮೊದಲ ದಿನವೇ ಬೇರೆ ಖಾತೆಗೆ ಹಾಕಿ. ಉಳಿದರೆ ನೋಡೋಣ ಅಂದರೆ ಉಳಿಯುವುದಿಲ್ಲ.

ಕಾಗದಪತ್ರವೂ ಬೇಕು. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ್ ಸೆಹಗಲ್ ಅವರು ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಅವರಿಗೆ ತಿಳಿಸದೆಯೇ ಅದನ್ನು ಕಿತ್ತು ಗೋದಾಮಿಗೆ ಹಾಕಿದರು, ಹಾನಿಯೂ ಆಯಿತು. ಅವರು ಕೋರ್ಟಿಗೆ ಹೋದರು. ಕೃತಿ ಮಾರಿದ ಮೇಲೂ ಅದರ ಮೇಲೆ ಕಲಾವಿದನಿಗೆ ನೈತಿಕ ಹಕ್ಕು, ಅಂದರೆ ಅದಕ್ಕೆ ಹಾನಿಯಾದರೆ ಪ್ರಶ್ನಿಸುವ ಹಕ್ಕು ಇರುತ್ತದೆ ಅಂತ 2005ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಆದ್ದರಿಂದ ಸರಿಸಬೇಕಾದರೆ, ಮತ್ತೆ ಬಣ್ಣ ಬಳಿಯಬೇಕಾದರೆ, ತೆಗೆಯಬೇಕಾದರೆ ಏನು ಮಾಡಬೇಕು ಅನ್ನುವುದನ್ನು ಪ್ರೀತಿ ಇರುವಾಗಲೇ ಬರೆದುಕೊಂಡುಬಿಡಿ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಯಾರಾದರೂ ಕೃತಿಯನ್ನು ಹಾಳು ಮಾಡಿದರೆ ಏನು ಮಾಡಬೇಕು ಅಂತ ಒಬ್ಬರು ಕೇಳಿದರು. ಇಂಗ್ಲೆಂಡಿನ ಆಲ್ಡ್‌ಬರೊ ಅನ್ನುವ ಪುಟ್ಟ ಪಟ್ಟಣದ ಕಡಲತೀರದಲ್ಲಿ ಮ್ಯಾಗಿ ಹ್ಯಾಂಬ್ಲಿಂಗ್ ಅವರ ಉಕ್ಕಿನ ಚಿಪ್ಪು 2003ರಿಂದ ಇದೆ. ಅದರ ಮೇಲೆ ಎಷ್ಟೋ ಸಲ ಪೇಂಟ್ ಎರಚಿದ್ದಾರೆ. ಪ್ರತಿ ಸಲವೂ ಸ್ವಚ್ಛ ಮಾಡಿದ್ದಾರೆ. ಅದು ಇನ್ನೂ ಇದೆ. ನನ್ನ ಉತ್ತರವೂ ಇಷ್ಟೇ. ಆದಷ್ಟು ಬೇಗ ಸ್ವಚ್ಛ ಮಾಡಿ, ಮರುದಿನವೇ. ಕೊಳೆ ಉಳಿದರೆ ಇದನ್ನು ಕೇಳುವವರಿಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಸಾಧ್ಯವಾದರೆ ಹಾಗೆ ಮಾಡಿದವರ ಜೊತೆ ಮಾತಾಡಿ. ಸಣ್ಣ ಊರಿನಲ್ಲಿ ಯಾರು ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ. ಮೊದಲ ಸಭೆಗೆ ಅವರನ್ನು ಯಾರೂ ಕರೆದೇ ಇರಲಿಲ್ಲ ಅನ್ನುವುದೂ ಆಗ ಹೊರಬರಬಹುದು.

ಒಂದು ಕೃತಿ ಎಷ್ಟು ವರ್ಷ ಇರಬೇಕು ಅನ್ನುವುದು ಇನ್ನೊಬ್ಬರ ಪ್ರಶ್ನೆ. ಗೋಡೆ ಚಿತ್ರಕ್ಕೆ ಐದರಿಂದ ಏಳು ವರ್ಷ ಅಂತ ಮೊದಲೇ ಬರೆಯಿರಿ. ಲೋಹ, ಕಲ್ಲಿನ ಕೃತಿಗೆ ಹತ್ತು ವರ್ಷ ಅಂತ ಬರೆದು, ಆಮೇಲೆ ಊರಿನವರು ಕೂತು ನೋಡುವುದು ಅಂತ ಇರಲಿ. ಉಳಿಸುವುದೋ, ದುರಸ್ತಿ ಮಾಡುವುದೋ, ಬೇರೆ ಕಡೆ ಇಡುವುದೋ, ತೆಗೆಯುವುದೋ ಆಗ ತೀರ್ಮಾನಿಸಿ. ತೆಗೆಯುವುದೆಂದರೆ ಸೋಲು ಅಂತ ನಾನು ಅಂದುಕೊಂಡಿಲ್ಲ. ಬಣ್ಣ ಮಾಸಿದ ಗೋಡೆಗೆ ಸುಣ್ಣ ಬಳಿದು, ಮುಂದಿನ ಚಿತ್ರಕ್ಕೆ ಜಾಗ ಕೊಡುವುದರಲ್ಲಿ ತಪ್ಪೇನಿದೆ? ಆ ಸಭೆಗೆ ಕಲಾವಿದರನ್ನೂ ಕರೆಯಿರಿ. ಈ ಹತ್ತು ವರ್ಷದಲ್ಲಿ ಬೆಳೆದು ದೊಡ್ಡವರಾದ ಮಕ್ಕಳನ್ನೂ ತಪ್ಪದೆ ಕರೆಯಿರಿ. ಕೃತಿ ತರುವಾಗ ಅವರನ್ನು ಯಾರೂ ಕೇಳಿರಲಿಲ್ಲವಲ್ಲ.